ಹುಟ್ಟುಗುಣವೂ ಜೀವನಚರಿತ್ರೆಯೂ: ಮಾಗಡಿ-ರಾಮನಗರ ಸೀಮೆಯ ಕೆಲವು ನಿದರ್ಶನಗಳು

ಹುಟ್ಟುಗುಣ ಸುಟ್ಟರೂ ಹೋಗದೆಂಬುದು ನಮ್ಮ ನಾಡಿನ ಗಾದೆ. ಸಹವಾಸದೋಷದಿಂದ ಸನ್ಯಾಸಿ ಕೆಟ್ಟನೆಂಬುದೂ ನಮ್ಮ ನಾಡಿನದೇ ಗಾದೆ. ಮೊದಲನೆಯದು ಸ್ವಭಾವವು ಅಚಲವೆನ್ನುತ್ತದೆ. ಎರಡನೆಯದು ಜೀವನವೆಲ್ಲ ಸಾಧಿಸಿದ ಸ್ವಭಾವವೂ ಸಂಗದಿಂದ ಬದಲಾಗುತ್ತದೆಂದು ಎಚ್ಚರಿಸುತ್ತದೆ. ಜನಸಾಮಾನ್ಯರು ಈ ಎರಡನ್ನೂ ಸಮಯೋಚಿತವಾಗಿ ಬಳಸಿ ನಿಶ್ಚಿಂತರಾಗಿರಬಹುದು. ಚರಿತ್ರಕಾರನಿಗೆ ಆ ಸೌಕರ್ಯವಿಲ್ಲ. ಒಬ್ಬ ಪಾಳೆಯಗಾರನನ್ನು ‘ಮಹತ್ವಾಕಾಂಕ್ಷಿ’ ಎಂದೋ ಒಬ್ಬ ಯತಿಯನ್ನು ‘ಜನ್ಮತಃ ವಿರಕ್ತ’ ಎಂದೋ ಕರೆದಾಗ, ಆ ಗುಣವು ಆತನ ಇಪ್ಪತ್ತನೆಯ ವಯಸ್ಸಿನಲ್ಲಿಯೂ ಅರವತ್ತನೆಯ ವಯಸ್ಸಿನಲ್ಲಿಯೂ ಒಂದೇ ರೀತಿಯಲ್ಲಿತ್ತೆಂದು ನಾವು ಅರಿಯದೆಯೇ ಅಂಗೀಕರಿಸಿರುತ್ತೇವೆ. ಈ ಅಂಗೀಕಾರವು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ರಾಮನಗರ, ಚನ್ನಪಟ್ಟಣ, ಹಿಂದೆ ಕಾನಕಾನಹಳ್ಳಿಯೆನಿಸಿದ್ದ ಕನಕಪುರ, ಮಾಗಡಿ ಇವುಗಳ ಸೀಮೆಯು ಬಂಡೆಬೆಟ್ಟಗಳಿಗೆ ಪ್ರಸಿದ್ಧವಾದುದು. ಇಲ್ಲಿ ಹುಟ್ಟಿದ ಅಥವಾ ಇದರೊಡನೆ ಸಂಬಂಧವಿದ್ದ ಕೆಲವು ಮಹನೀಯರ ಜೀವನಗಳು ನಮ್ಮ ಪ್ರಶ್ನೆಗೆ ಒಳ್ಳೆಯ ಪರೀಕ್ಷಾಸ್ಥಾನಗಳಾಗಿವೆ. ಮೊದಲು ಈ ವಿಷಯದಲ್ಲಿ ಶಾಸ್ತ್ರಕಾರರು ಏನೆಂದಿದ್ದಾರೆಂಬುದನ್ನು ಸಂಗ್ರಹವಾಗಿ ನೋಡೋಣ.

೧

ಆಯುರ್ವೇದವು ಮನುಷ್ಯರನ್ನು ವಾತ, ಪಿತ್ತ, ಕಫಗಳ ಪ್ರಾಧಾನ್ಯದಿಂದ ವಿಂಗಡಿಸುತ್ತದೆ. ಈ ವಿಂಗಡಣೆ ದೇಹಕ್ಕೆ ಮಾತ್ರ ಸೀಮಿತವಾದುದಲ್ಲ. ಧೈರ್ಯ, ಕೋಪ, ಚಾಂಚಲ್ಯ, ಸ್ಮರಣಶಕ್ತಿ ಮೊದಲಾದುವೂ ಇದರೊಳಗೆ ಸೇರುತ್ತವೆ. ಪ್ರಕೃತಿಯು ಗರ್ಭಕಾಲದಲ್ಲಿಯೇ ನಿರ್ಣಯವಾಗುವುದೆಂದೂ ಅದು ಸಹಜವಾಗಿ ವ್ಯತ್ಯಾಸ ಹೊಂದದೆಂದೂ, ಹೊಂದಿದರೆ ಅದು ಆಯುಸ್ಸು ಮುಗಿದುದರ ಸೂಚನೆಯೆಂದೂ ಸುಶ್ರುತಸಂಹಿತೆಯ ಮತ. ಇದಕ್ಕೆ ಪ್ರತಿಯಾಗಿ, ಭಗವದ್ಗೀತೆಯ ಹದಿನಾಲ್ಕನೆಯ ಅಧ್ಯಾಯವು ಸತ್ತ್ವ, ರಜಸ್ಸು, ತಮಸ್ಸುಗಳು ಒಂದನ್ನೊಂದು ಅಡಗಿಸಿ ಸರದಿಯಂತೆ ಮೇಲೇಳುವುವೆಂದು ಹೇಳುತ್ತದೆ. ವೈದ್ಯನಿಗೆ ಸ್ಥಿರವಾದ ಪ್ರಕೃತಿ ಬೇಕು, ಔಷಧ ಯೋಜನೆಗಾಗಿ. ಸಾಧಕನಿಗೆ ಚಲಿಸುವ ಗುಣ ಬೇಕು, ಸಾಧನೆಗೆ ಅರ್ಥವಿರುವುದಕ್ಕಾಗಿ. ಒಂದೇ ನಾಡಿನಲ್ಲಿ ಎರಡು ಮತಗಳು ಸುಖವಾಗಿ ಬಾಳಿದುದಕ್ಕೆ ಇದೇ ಕಾರಣವೆಂದು ತೋರುತ್ತದೆ.

ಪಾಶ್ಚಾತ್ಯರಲ್ಲಿ ವಿಲಿಯಂ ಜೇಮ್ಸನು ೧೮೯೦ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರಗ್ರಂಥದಲ್ಲಿ, ಮೂವತ್ತನೆಯ ವಯಸ್ಸಿನ ವೇಳೆಗೆ ಬಹುಮಂದಿಯ ಶೀಲವು ಗಟ್ಟಿಗೊಂಡುಬಿಡುವುದೆಂದು ಅಭಿಪ್ರಾಯಪಟ್ಟನು. ೧೯೨೧ರಲ್ಲಿ ಯೂಂಗನು ಅಂತರ್ಮುಖಿ, ಬಹಿರ್ಮುಖಿ ಎಂಬ ವರ್ಗಗಳನ್ನು ಪ್ರಚಾರಕ್ಕೆ ತಂದನು. ಇವು ಬಲ್ಲವರ ಊಹೆಗಳು. ಒಬ್ಬರನ್ನೇ ಹಲವು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ ನೋಡುವ ಕ್ರಮ ಬೆಳೆದ ಮೇಲೆ ವಿಷಯವು ಅಳತೆಗೆ ಒಳಪಟ್ಟಿತು. ರಾಬರ್ಟ್ಸ್ ಮತ್ತು ಡೆಲ್‌ವೆಕಿಯೊ ಎಂಬ ವಿದ್ವಾಂಸರು ೧೫೨ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೦೦ದಲ್ಲಿ ಪ್ರಕಟಿಸಿದ ಫಲಿತಾಂಶ ಗಮನಾರ್ಹವಾದುದು. ಸುಮಾರು ಏಳು ವರ್ಷಗಳ ಅಂತರದಲ್ಲಿ ಸಮವಯಸ್ಕರ ನಡುವೆ ಒಬ್ಬನ ಸ್ಥಾನ ಎಷ್ಟು ಸ್ಥಿರವಾಗಿರುತ್ತದೆಂಬುದನ್ನು ಸೊನ್ನೆಯಿಂದ ಒಂದರವರೆಗಿನ ಅಂಕದಲ್ಲಿ ಹೇಳುವುದಾದರೆ, ಕಾಲೇಜಿನ ವಯಸ್ಸಿನಲ್ಲಿ ಅದು ೦.೫೪, ಐವತ್ತರಿಂದ ಎಪ್ಪತ್ತರವರೆಗೆ ೦.೭೪. ಎಂದರೆ ವಯಸ್ಸಾದಂತೆ ಸ್ವಭಾವವು ಹೆಚ್ಚು ಸ್ಥಿರವಾಗುತ್ತದೆ; ಆದರೆ ಯಾವ ವಯಸ್ಸಿನಲ್ಲಿಯೂ ಪೂರ್ಣವಾಗಿ ಹೆಪ್ಪುಗಟ್ಟುವುದಿಲ್ಲ. ೨೦೦೬ರಲ್ಲಿ ರಾಬರ್ಟ್ಸ್ ಮತ್ತು ಸಹೋದ್ಯೋಗಿಗಳು ತೋರಿಸಿದಂತೆ, ಕರ್ತವ್ಯನಿಷ್ಠೆ ಮತ್ತು ಮನಸ್ಸಿನ ಸಮಾಧಾನಗಳು ಸಾಮಾನ್ಯವಾಗಿ ವಯಸ್ಸಿನೊಡನೆ ವೃದ್ಧಿಹೊಂದುತ್ತವೆ. ಇಪ್ಪತ್ತರಿಂದ ನಲವತ್ತರವರೆಗಿನ ಕಾಲದಲ್ಲಿ, ಅಂದರೆ ಉದ್ಯೋಗ, ಸಂಸಾರ, ಹೊಣೆಗಳು ಹೆಗಲೇರುವ ಕಾಲದಲ್ಲಿ, ಈ ವೃದ್ಧಿ ವಿಶೇಷ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಸೀಮೆಯ ನಿದರ್ಶನಗಳಿಗೆ ಬರೋಣ.

೨

ಮಾಗಡಿಯ ಹೆಸರಿನೊಡನೆ ಮೊದಲು ನೆನಪಾಗುವವನು ಕೆಂಪೇಗೌಡನು. ಯಲಹಂಕದ ಪ್ರಭುವಾಗಿದ್ದ ಹಿರಿಯ ಕೆಂಪೇಗೌಡನು ೧೫೩೭ರಲ್ಲಿ ಬೆಂಗಳೂರು ಕೋಟೆಯನ್ನು ಕಟ್ಟಿಸಿದನೆಂದೂ, ಅನಂತರ ಭೈರವನ ಹೆಸರಿನ ವರಹಗಳನ್ನು ತಾನೇ ಟಂಕಿಸಿದುದರಿಂದ ವಿಜಯನಗರದ ಆಗ್ರಹಕ್ಕೆ ಪಾತ್ರನಾಗಿ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದನೆಂದೂ, ಬಿಡುಗಡೆಯಾದ ಮೇಲೆ ಸೀಮೆಯನ್ನು ಮರಳಿ ಪಡೆದನೆಂದೂ ಪರಂಪರೆ ಹೇಳುತ್ತದೆ. ಈ ಕಥೆಯನ್ನು ನೀತಿಕಥೆಯ ಅಚ್ಚಿನಲ್ಲಿ ಎರಕಹೊಯ್ಯುವುದು ಸುಲಭ: ಗರ್ವಿಷ್ಠನಾದ ಯುವಕ, ಗರ್ವಭಂಗ ಮಾಡಿದ ಸೆರೆಮನೆ, ಹೊರಬಂದ ಮೇಲೆ ಕೆರೆ ದೇವಾಲಯಗಳನ್ನು ಕಟ್ಟಿಸಿದ ಧರ್ಮಪ್ರಭು.

ಆದರೆ ಕಾಲಾನುಕ್ರಮವು ಈ ಅಚ್ಚನ್ನು ಒಪ್ಪುವುದಿಲ್ಲ. ಪರಂಪರೆಯ ಪ್ರಕಾರವೇ ಕೋಟೆ ಪೇಟೆಗಳ ನಿರ್ಮಾಣ ಸೆರೆವಾಸಕ್ಕಿಂತ ಹಿಂದಿನದು. ಕಟ್ಟುವ ಗುಣವನ್ನು ಸೆರೆಮನೆ ಕಲಿಸಿದುದಲ್ಲ. ಪೇಟೆಯನ್ನು ಕಟ್ಟಿದವನಿಗೆ ನಾಣ್ಯದ ಆಸೆ ಬಂದುದು ಸಹಜ. ಎರಡೂ ಒಂದೇ ಸ್ವಭಾವದ ಎರಡು ಫಲಗಳು. ಅರಸನ ಆಗ್ರಹದಿಂದ ನಡತೆ ಬದಲಾಯಿತೆಂದು ಹೇಳಬಹುದು. ಸ್ವಭಾವ ಬದಲಾಯಿತೆಂದು ಹೇಳಲು ಆಧಾರ ಸಾಲದು. ದಂಡಕ್ಕೆ ಹೆದರಿ ಬಿಟ್ಟ ಕೆಲಸವೂ ಮನಸ್ಸು ತಿರುಗಿ ಬಿಟ್ಟ ಕೆಲಸವೂ ದಾಖಲೆಯಲ್ಲಿ ಒಂದೇ ರೀತಿಯಾಗಿ ಕಾಣುತ್ತವೆ.

ಇಲ್ಲಿ ಇನ್ನೊಂದು ತೊಡಕೂ ಉಂಟು. ಕೆಂಪೇಗೌಡನೆಂಬ ಹೆಸರು ಒಬ್ಬನದಲ್ಲ. ೧೬೩೮ರಲ್ಲಿ ಬಿಜಾಪುರದ ರಣದುಲ್ಲಾಖಾನನ ಸೈನ್ಯಕ್ಕೆ ಬೆಂಗಳೂರನ್ನು ಬಿಟ್ಟುಕೊಟ್ಟು ಮಾಗಡಿಗೆ ಸರಿದ ಪ್ರಭು ಹಿರಿಯ ಕೆಂಪೇಗೌಡನಲ್ಲ, ಅವನ ವಂಶಜ. ೧೭೨೮ರಲ್ಲಿ ಮಾಗಡಿಯು ಮೈಸೂರಿನ ದಳವಾಯಿ ದೇವರಾಜನ ವಶವಾದಾಗ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ ಕೆಂಪವೀರಗೌಡನು ಆ ಮನೆತನದ ಕೊನೆಯ ಪ್ರಭು. ಜನರ ನೆನಪಿನಲ್ಲಿ ಈ ತಲೆಮಾರುಗಳ ಕಾರ್ಯಗಳು ಎಷ್ಟೋ ವೇಳೆ ಒಂದೇ ಹೆಸರಿನಡಿ ಬಂದು ಸೇರುತ್ತವೆ. ಬೆಂಗಳೂರಿನ ಸಾಹಸಿ ಪ್ರಭುವನ್ನೂ ಮಾಗಡಿ ಸಾವನದುರ್ಗಗಳ ಎಚ್ಚರದ ಪ್ರಭುವನ್ನೂ ಒಬ್ಬನೆಂದೇ ಭಾವಿಸಿದರೆ, ಎಂತಹ ಅದ್ಭುತ ಪರಿವರ್ತನೆ ಎನಿಸುವುದು ಸಹಜ. ವಾಸ್ತವವಾಗಿ ಅಲ್ಲಿ ಬದಲಾದುದು ಸ್ವಭಾವವಲ್ಲ, ವ್ಯಕ್ತಿಯೇ. ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿರುವ ಕೆಂಪೇಗೌಡನ ಮೂರ್ತಿಯು ಭಕ್ತನ ಭಂಗಿಯಲ್ಲಿದೆ. ಆದರೆ ದಾನಿಗಳ ಮೂರ್ತಿಗಳೆಲ್ಲವೂ ಪ್ರಾಯಶಃ ಆ ಭಂಗಿಯಲ್ಲಿಯೇ ಇರುವುದರಿಂದ ಅದು ಸಂಪ್ರದಾಯವನ್ನು ತಿಳಿಸುವಷ್ಟು ಸ್ವಭಾವವನ್ನು ತಿಳಿಸಲಾರದು.

೩

ಮಾಗಡಿಯಿಂದ ಚನ್ನಪಟ್ಟಣಕ್ಕೆ ಬಂದರೆ ಇದೇ ತೊಡಕು ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಚನ್ನಪಟ್ಟಣದ ಬಳಿಯ ಅಬ್ಬೂರಿನಲ್ಲಿ ಬ್ರಹ್ಮಣ್ಯತೀರ್ಥರ ಬೃಂದಾವನವಿದೆ. ಅವರ ಶಿಷ್ಯರು ವ್ಯಾಸತೀರ್ಥರು. ವ್ಯಾಸತೀರ್ಥರ ಶಿಷ್ಯರು ಪುರಂದರದಾಸರು. ಸಮೀಪದ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ ಸನ್ನಿಧಿಯಲ್ಲಿ ದಾಸರು ತಮ್ಮ ಪ್ರಸಿದ್ಧ ಕೀರ್ತನೆಯೊಂದನ್ನು ಹಾಡಿದರೆಂಬುದು ಸ್ಥಳೀಯ ಐತಿಹ್ಯ.

ಗುರುಶಿಷ್ಯರಾದ ಈ ಇಬ್ಬರ ಚರಿತ್ರೆಗಳು ಪರಸ್ಪರ ವಿರುದ್ಧವಾದ ಎರಡು ಅಚ್ಚುಗಳಲ್ಲಿ ನಮಗೆ ದೊರೆತಿವೆ. ವ್ಯಾಸತೀರ್ಥರ ವಿಷಯವಾಗಿ ಸೋಮನಾಥಕವಿಯು ರಚಿಸಿದ ‘ವ್ಯಾಸಯೋಗಿಚರಿತ’ವೆಂಬ ಸಂಸ್ಕೃತ ಚಂಪೂಗ್ರಂಥದ ಪ್ರಕಾರ ಅವರು ಬ್ರಹ್ಮಣ್ಯತೀರ್ಥರ ಅನುಗ್ರಹದಿಂದಲೇ ಜನಿಸಿದವರು, ಅವರ ಯತಿತ್ವವು ಜನನಕ್ಕಿಂತ ಮೊದಲೇ ನಿಶ್ಚಿತವಾಗಿತ್ತು. ಅಲ್ಲಿ ಬದಲಾವಣೆಗೆ ಎಡೆಯಿಲ್ಲ; ಜೀವನವೆಲ್ಲ ಬೀಜದಲ್ಲಿದ್ದುದರ ವಿಕಾಸ. ಪುರಂದರದಾಸರ ಐತಿಹ್ಯವಾದರೋ ಇದಕ್ಕೆ ತೀರ ವಿಲೋಮವಾದುದು. ಲೋಭಿಯಾದ ಶ್ರೀನಿವಾಸನಾಯಕನು ಮೂಗುತಿಯ ಪ್ರಸಂಗದಿಂದ ಕಣ್ತೆರೆದು, ಸರ್ವಸ್ವವನ್ನೂ ದಾನಮಾಡಿ, ಕುಟುಂಬಸಹಿತನಾಗಿ ವಿಜಯನಗರಕ್ಕೆ ಹೊರಟನು. ಒಂದೇ ಮಠದ, ಒಂದೇ ಶತಮಾನದ, ಒಂದೇ ಭಕ್ತಸಮೂಹದ ನೆನಪು ಒಬ್ಬರನ್ನು ಹುಟ್ಟುಗುಣಕ್ಕೂ ಮತ್ತೊಬ್ಬರನ್ನು ಪರಿವರ್ತನೆಗೂ ಮಾದರಿಯನ್ನಾಗಿ ಮಾಡಿತು.

ಇದರಿಂದ ವಿದಿತವಾಗುವುದೇನು? ಪೀಠಾಧಿಪತಿಯ ಚರಿತ್ರೆಗೆ ಅವಿಚ್ಛಿನ್ನತೆ ಬೇಕು. ದಾಸನ ಚರಿತ್ರೆಗೆ ಎಲ್ಲರಿಗೂ ಬಾಗಿಲು ತೆರೆದಿದೆಯೆಂಬ ಆಶ್ವಾಸನೆ ಬೇಕು. ಈ ಬೇಡಿಕೆಗಳನ್ನು ತಿಳಿಯದೆ ಐತಿಹ್ಯಗಳನ್ನು ಸ್ವಭಾವಕ್ಕೆ ಸಾಕ್ಷಿಯಾಗಿ ಹಿಡಿಯುವುದು ಸರಿಯಲ್ಲ. ಆದರೂ ದಾಸರ ಕೀರ್ತನೆಗಳಲ್ಲಿ ಒಂದು ಸೂಕ್ಷ್ಮವಾದ ಒಳಸಾಕ್ಷ್ಯವುಂಟು. ಸರಕು, ಮಾರಾಟ, ಲಾಭ ನಷ್ಟಗಳ ಭಾಷೆ ಅಲ್ಲಿ ಮಾಯವಾಗಿಲ್ಲ. ಭಗವನ್ನಾಮವೇ ಸರಕಾಗಿ ಮಾರುಕಟ್ಟೆಗೆ ಬಂದಿದೆ. ವರ್ತಕನ ಕಥೆ ದಿಟವಾದರೆ, ಬದಲಾದುದು ಗುರಿ. ಕೈಯ ಪಳಗು ಬದಲಾಗಲಿಲ್ಲ. ಪರಿವರ್ತನೆಯೆಂದರೆ ಹಳೆಯದೆಲ್ಲದರ ನಾಶವೆಂದು ಭಾವಿಸುವವರು ಇದನ್ನು ಮನನ ಮಾಡಬೇಕು.

೪

ಐತಿಹ್ಯವನ್ನು ಬಿಟ್ಟು, ದಿನಾಂಕಗಳು ಖಚಿತವಾಗಿರುವ ನಮ್ಮ ಸಮೀಪಕಾಲಕ್ಕೆ ಬಂದರೆ ವಿಚಾರಕ್ಕೆ ಗಟ್ಟಿಯಾದ ನೆಲೆ ಸಿಕ್ಕುತ್ತದೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ೧೯೦೭ರ ಏಪ್ರಿಲ್ ೧ರಂದು ಜನಿಸಿದ ಶಿವಣ್ಣನವರು ತುಮಕೂರಿನಲ್ಲಿ ಓದುತ್ತ ಸಿದ್ಧಗಂಗಾ ಮಠದ ಆಶ್ರಯ ಪಡೆದವರು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಅಭ್ಯಾಸಮಾಡುತ್ತಿದ್ದರು. ೧೯೩೦ರ ಜನವರಿಯಲ್ಲಿ ಮಠದ ಉತ್ತರಾಧಿಕಾರಿಗಳು ಹಠಾತ್ತನೆ ಲಿಂಗೈಕ್ಯರಾದರು. ಅದೇ ವರ್ಷ ಮಾರ್ಚ್ ೩ರಂದು ವಿರಕ್ತಾಶ್ರಮ ಸ್ವೀಕರಿಸಿ ಅವರು ಶಿವಕುಮಾರಸ್ವಾಮಿಗಳಾದರು. ೧೯೪೧ರಲ್ಲಿ ಮಠದ ಪೂರ್ಣ ಹೊಣೆ ಅವರದಾಯಿತು. ೨೦೧೯ರ ಜನವರಿ ೨೧ರಂದು ನೂರ ಹನ್ನೊಂದು ವರ್ಷ ಮೀರಿದ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು.

ಇಲ್ಲಿ ಹೊಣೆ ಮೊದಲು ಬಂದಿತು. ಇಪ್ಪತ್ತೆರಡು ವರ್ಷದ ವಿದ್ಯಾರ್ಥಿಯು ಅದಕ್ಕೆ ತಕ್ಕವನಾಗಿ ಬೆಳೆಯಬೇಕಾಯಿತು. ಅಂದಿನ ಭೌತಶಾಸ್ತ್ರದ ವಿದ್ಯಾರ್ಥಿಯನ್ನು ಯಾವುದಾದರೊಂದು ವರ್ಗದಲ್ಲಿ ಸೇರಿಸಿದ್ದರೆ, ಸಾವಿರಾರು ಮಕ್ಕಳ ಅನ್ನ, ಆಶ್ರಯ, ವಿದ್ಯೆಗಳ ಭಾರವನ್ನು ದಶಕಗಳ ಕಾಲ ಹೊರುವ ವ್ಯವಸ್ಥಾಪಕನನ್ನು ಆ ವರ್ಗದ ಹೆಸರು ಮುಂಗಾಣುತ್ತಿತ್ತೇ? ಸಂದೇಹ. ಹಾಗೆಂದು ಹಿಂದಿನದಕ್ಕೂ ಮುಂದಿನದಕ್ಕೂ ಸಂಬಂಧವಿಲ್ಲವೆನ್ನಲಾಗದು. ಮಠದ ಆಶ್ರಯದಲ್ಲಿ ಓದಿದ ಹುಡುಗನೇ ಮಠವನ್ನು ಓದುವ ಹುಡುಗರ ಮನೆಯಾಗಿ ವಿಸ್ತರಿಸಿದನು. ಸ್ವಭಾವವು ಪದವಿಯನ್ನು ತಿದ್ದಿತು, ಪದವಿಯು ಸ್ವಭಾವವನ್ನು ತಿದ್ದಿತು. ಹೊಣೆ ಹೊತ್ತ ಕಾಲದಲ್ಲಿಯೇ ಕರ್ತವ್ಯನಿಷ್ಠೆ ಬೆಳೆಯುವುದೆಂಬ ಮನಶ್ಶಾಸ್ತ್ರಜ್ಞರ ಮಾತಿಗೆ ಇದಕ್ಕಿಂತ ಉತ್ತಮವಾದ ದೃಷ್ಟಾಂತ ದುರ್ಲಭ.

ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ೧೯೦೮ರಲ್ಲಿ ಜನಿಸಿದ ಕೆಂಗಲ್ ಹನುಮಂತಯ್ಯನವರದು ಇನ್ನೊಂದು ಬಗೆ. ವಕೀಲರು, ಸ್ವಾತಂತ್ರ್ಯ ಚಳವಳಿಗಾರರು, ಸಂವಿಧಾನ ಸಭೆಯ ಸದಸ್ಯರು, ೧೯೫೨ರಿಂದ ೧೯೫೬ರವರೆಗೆ ಮೈಸೂರಿನ ಮುಖ್ಯಮಂತ್ರಿಗಳು, ಅನಂತರ ಕೇಂದ್ರ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರು, ರೈಲ್ವೆ ಸಚಿವರು: ಪಾತ್ರಗಳು ಅನೇಕ. ೧೯೪೯ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅವರು, ತಾವು ಬಯಸಿದ್ದುದು ವೀಣೆಯ ನಾದ, ದೊರೆತುದು ಇಂಗ್ಲಿಷ್ ಬ್ಯಾಂಡಿನ ವಾದ್ಯವೆಂಬ ಅರ್ಥದ ಆಕ್ಷೇಪವೆತ್ತಿದರು. ೧೯೫೧ರಲ್ಲಿ ಶಂಕುಸ್ಥಾಪನೆಯಾಗಿದ್ದ ವಿಧಾನಸೌಧದ ನಕ್ಷೆಯನ್ನು ಬದಲಿಸಿ, ಅದಕ್ಕೆ ದ್ರಾವಿಡ ಶಿಲ್ಪದ ಭವ್ಯತೆಯನ್ನು ಕೊಡಿಸಿದವರೂ ಅವರೇ. ಮಾತಿನಲ್ಲಿ ಕಂಡ ಅಭಿರುಚಿ ಕಲ್ಲಿನಲ್ಲಿ ಕಂಡಿತು. ಕರ್ನಾಟಕದ ಏಕೀಕರಣವು ತಮ್ಮ ಪದವಿಗೆ ಕುತ್ತಾಗಬಹುದೆಂಬ ಸಂಭವವಿದ್ದರೂ ಅದನ್ನು ಬೆಂಬಲಿಸಿದುದರಲ್ಲಿಯೂ ಅದೇ ಹಟ ಕಾಣುತ್ತದೆ. ಪಾತ್ರಗಳು ಬದಲಾದುವು, ಪಾತ್ರಧಾರಿಯ ಒಲವು ಬಹಳಮಟ್ಟಿಗೆ ಉಳಿಯಿತು. ಶಿವಕುಮಾರಸ್ವಾಮಿಗಳಲ್ಲಿ ಪದವಿಯ ಪ್ರಭಾವ ಮುಂದಾಗಿ ಕಂಡರೆ, ಇಲ್ಲಿ ಸ್ವಭಾವದ ಅನುಸ್ಯೂತತೆ ಮುಂದಾಗಿ ಕಾಣುತ್ತದೆ. ಹೊಣೆಯು ಎಲ್ಲರನ್ನೂ ಒಂದೇ ಪ್ರಮಾಣದಲ್ಲಿ ತಿದ್ದುವುದಿಲ್ಲ.

೫

ಈ ನಿದರ್ಶನಗಳಿಂದ ನಾವು ತಲಪುವ ನಿರ್ಣಯವಿಷ್ಟು. ಸ್ವಭಾವವು ಬದಲಾಗಬಲ್ಲುದು, ಆದರೆ ಸಾಮಾನ್ಯವಾಗಿ ನಿಧಾನವಾಗಿ, ಹೊಣೆಯ ಮೂಲಕ, ಹಳೆಯ ಒಲವುಗಳನ್ನು ಹೊಸ ಗುರಿಗೆ ತಿರುಗಿಸಿಕೊಂಡು. ಚರಿತ್ರಕಾರನು ನಡತೆಯ ಬದಲಾವಣೆಯನ್ನು ಸ್ವಭಾವದ ಬದಲಾವಣೆಯೆಂದು ತಿಳಿಯಬಾರದು. ಒಂದೇ ಹೆಸರಿನ ಹಲವರನ್ನು ಒಬ್ಬನೆಂದು ಎಣಿಸಬಾರದು. ಐತಿಹ್ಯದ ಅಚ್ಚನ್ನು ವ್ಯಕ್ತಿಯ ಆಕಾರವೆಂದು ಭ್ರಮಿಸಬಾರದು.

ಇದು ಚರಿತ್ರೆಯ ಪುಟಗಳಿಗೆ ಮಾತ್ರ ಸಂಬಂಧಿಸಿದ ವಿಚಾರವಲ್ಲ. ಹುಟ್ಟಿನಿಂದಲೇ ಕೆಲವು ಸಮುದಾಯಗಳು ಅಪರಾಧಶೀಲವಾದುವೆಂದು ಸಾರಿದ ೧೮೭೧ರ ಬ್ರಿಟಿಷ್ ಶಾಸನವು ೧೯೫೨ರವರೆಗೆ ಪೂರ್ಣವಾಗಿ ತೊಲಗಲಿಲ್ಲ. ಹುಟ್ಟುಗುಣದ ಗಾದೆ ಕಾನೂನಾದರೆ ಎಷ್ಟು ಕ್ರೂರವಾಗಬಲ್ಲುದೆಂಬುದಕ್ಕೆ ಅದೊಂದೇ ಸಾಕು. ಇನ್ನು ನಮ್ಮ ತರಗತಿಗಳ ಮಾತು. ಸ್ಕಾಟ್ಲೆಂಡಿನಲ್ಲಿ ೧೯೫೦ರ ಸುಮಾರಿಗೆ ೧೪ ವರ್ಷದ ೧,೨೦೮ ಮಕ್ಕಳ ಗುಣಗಳನ್ನು ಅವರ ಉಪಾಧ್ಯಾಯರು ಅಳೆದು ಬರೆದಿಟ್ಟಿದ್ದರು. ಅವರಲ್ಲಿ ೧೭೪ ಮಂದಿಯನ್ನು ೭೭ನೆಯ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿ ೨೦೧೬ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಉಪಾಧ್ಯಾಯರ ಅಂದಿನ ಬರಹಕ್ಕೂ ಆ ವೃದ್ಧರ ಇಂದಿನ ಗುಣಗಳಿಗೂ ಹೇಳಿಕೊಳ್ಳುವಂತಹ ಸಂಬಂಧ ಕಂಡುಬರಲಿಲ್ಲ. ಅಳೆದವರು ಬೇರೆ ಬೇರೆಯವರಾದುದೂ ಉಳಿದವರ ಸಂಖ್ಯೆ ಅಲ್ಪವಾದುದೂ ಇದಕ್ಕೆ ಭಾಗಶಃ ಕಾರಣವಿರಬಹುದು. ಹಾಗಿದ್ದರೂ ‘ಇವನು ಸೋಮಾರಿ’, ‘ಇವಳು ಮುಂದೆ ಬರಲಾರಳು’ ಎಂದು ಹದಿನೆಂಟರ ವಯಸ್ಸಿನವರ ವಿಷಯದಲ್ಲಿ ತೀರ್ಪು ಕೊಡುವ ಅಧ್ಯಾಪಕರಾದ ನಾವು ಕ್ಷಣಕಾಲ ಲೇಖನಿಯನ್ನು ತಡೆಯಲು ಅದು ಸಾಕಾದ ಕಾರಣ. ೧೯೩೦ರ ಫೆಬ್ರವರಿಯಲ್ಲಿ ಸೆಂಟ್ರಲ್ ಕಾಲೇಜಿನ ಹಾಜರಿಪುಸ್ತಕದಲ್ಲಿ ಶಿವಣ್ಣನೆಂಬುದು ಇತರ ಹೆಸರುಗಳ ನಡುವಿನ ಒಂದು ಹೆಸರಷ್ಟೆ. ಮುಂದಿನ ತಿಂಗಳು ಬರಲಿದ್ದ ಹೊಣೆಯ ಸುಳಿವು ಅದರಲ್ಲಿ ಯಾರಿಗೂ ಕಾಣುವಂತಿರಲಿಲ್ಲ.