ನಾಡದೋಣಿಯ ಅರಿತ್ರವಿಚಾರ

ಸಂಸ್ಕೃತ ಕೋಶಗಳಲ್ಲಿ ನೌಕಾಸಂಬಂಧವಾದ ಶಬ್ದಗಳು ಅನೇಕವಾಗಿವೆ. ಅವುಗಳಲ್ಲಿ ‘ಅರಿತ್ರ’ವೆಂಬ ಶಬ್ದದ ಅರ್ಥವು ಕಾಲಕ್ರಮದಲ್ಲಿ ಹೇಗೆ ಬದಲಾಯಿತೆಂಬುದನ್ನೂ, ಆ ಬದಲಾವಣೆಗೆ ಆಧಾರವಾದ ಕರ್ಮವಿಭಾಗವು ಕನ್ನಡ ಕರಾವಳಿಯ ನಾಡದೋಣಿಗಳಿಗೆ ಹೊರಯಂತ್ರವು ಬಂದ ಬಳಿಕ ಹೇಗೆ ಅಳಿಸಿಹೋಯಿತೆಂಬುದನ್ನೂ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ. ಮೀನುಗಾರರು ಔಟ್‌ಬೋರ್ಡ್ ಎಂಜಿನ್ ಎಂದು ಕರೆಯುವ, ದೋಣಿಯ ಹಿಂಬದಿಯಲ್ಲಿ ಹೊರಮೈಗೆ ತಗಲಿಸುವ ಯಂತ್ರವನ್ನೇ ಇಲ್ಲಿ ಹೊರಯಂತ್ರವೆಂದು ವ್ಯವಹರಿಸಿದೆ. ಒಂದು ಯಂತ್ರದ ಸ್ಥಾನದಲ್ಲಿ ಎರಡನ್ನು ಕಟ್ಟುವುದು ಕೇವಲ ವೇಗಲೋಭದಿಂದ ಹುಟ್ಟಿದ ಪದ್ಧತಿಯೆಂದು ಹೇಳುವವರುಂಟು. ಆ ಪಕ್ಷವು ವಿಚಾರಕ್ಕೆ ನಿಲ್ಲುವುದಿಲ್ಲವೆಂದು ಮುಂದೆ ತೋರಿಸಲಾಗುವುದು.

ಪಾಣಿನಿಯು ಅಷ್ಟಾಧ್ಯಾಯಿಯ ೩-೨-೧೮೪ನೆಯ ಸೂತ್ರದಲ್ಲಿ ಕೆಲವು ಧಾತುಗಳಿಗೆ ಕರಣಾರ್ಥದಲ್ಲಿ ‘ಇತ್ರ’ ಪ್ರತ್ಯಯವನ್ನು ವಿಧಿಸಿರುವನು. ಅಗೆಯುವ ಸಾಧನವು ಖನಿತ್ರ, ಕೊಯ್ಯುವ ಸಾಧನವು ಲವಿತ್ರ. ಅದೇ ರೀತಿ ಗತ್ಯರ್ಥಕವಾದ ಋಧಾತುವಿನಿಂದ ಅರಿತ್ರ, ಎಂದರೆ ಗತಿಗೆ ಸಾಧನವಾದುದು. ಋಗ್ವೇದದ ಪ್ರಥಮಮಂಡಲದಲ್ಲಿ ಅಶ್ವಿನೀದೇವತೆಗಳು ಸಮುದ್ರಮಧ್ಯದಲ್ಲಿ ಭುಜ್ಯುವನ್ನು ರಕ್ಷಿಸಿದ ಪ್ರಸಂಗದಲ್ಲಿ ನೂರು ಅರಿತ್ರಗಳುಳ್ಳ ನಾವೆಯ ಮಾತು ಬರುತ್ತದೆ. ಒಂದು ನಾವೆಗೆ ನೂರು ಚುಕ್ಕಾಣಿಗಳಿರುವುದು ಅಸಂಭವವಾದುದರಿಂದ ಅಲ್ಲಿ ಅರಿತ್ರವೆಂದರೆ ಹುಟ್ಟು ಎಂದೇ ಗ್ರಹಿಸಬೇಕು. ಆದರೆ ಅಮರಸಿಂಹನ ಕೋಶದ ವಾರಿವರ್ಗಕ್ಕೆ ಬಂದರೆ ವ್ಯವಸ್ಥೆ ಬೇರೆಯಾಗಿದೆ. ಅಲ್ಲಿ ನೌಕಾದಂಡಕ್ಕೆ, ಎಂದರೆ ಹುಟ್ಟಿಗೆ, ಕ್ಷೇಪಣೀ ಎಂಬ ಹೆಸರು. ಅರಿತ್ರವು ಕೇನಿಪಾತಕಕ್ಕೆ, ಎಂದರೆ ಚುಕ್ಕಾಣಿಗೆ, ಪರ್ಯಾಯವಾಗಿದೆ. ನೂಕುವುದು ಒಂದು ಕೆಲಸ, ದಿಕ್ಕನ್ನು ತಿದ್ದುವುದು ಇನ್ನೊಂದು ಕೆಲಸ. ಮೊದಲನೆಯದು ಅನೇಕ ಹುಟ್ಟುಗಾರರದು, ಎರಡನೆಯದು ಏಕಮಾತ್ರ ಕರ್ಣಧಾರನದು. ಹಡಗು ದೊಡ್ಡದಾದಂತೆ ಈ ವಿಭಾಗವು ಸ್ಥಿರಪಟ್ಟಿತೆಂದು ಊಹಿಸಬಹುದು. ನಮ್ಮ ‘ಚುಕ್ಕಾಣಿ’ಯು ಅರಬ್ಬೀ ಭಾಷೆಯ ‘ಸುಕ್ಕಾನ್’ ಎಂಬ ಶಬ್ದಕ್ಕೆ ಸಂಬಂಧಿಸಿದುದು, ‘ಹುಟ್ಟು’ ದೇಶ್ಯಶಬ್ದ. ದೋಣಿಯನ್ನು ನೂಕುವ ಸಾಧನಕ್ಕೆ ಮನೆಯ ಮಾತೂ, ತಿರುಗಿಸುವ ಸಾಧನಕ್ಕೆ ಕಡಲಾಚೆಯ ಮಾತೂ ನಿಂತದ್ದು ಗಮನಾರ್ಹವಾಗಿದೆ.

ಮಾಯಸಂದ್ರವೇ ಮೊದಲಾದ ತೆಂಗಿನ ಸೀಮೆಯ ಊರುಗಳವರಿಗೆ ಕಡಲು ದೂರವಾದುದಾದರೂ ಈ ವಿಷಯವು ಸರ್ವಥಾ ಪರಕೀಯವಲ್ಲ. ಒಳನಾಡಿನ ಹರಿಗೋಲಿನಲ್ಲಿ ಒಬ್ಬನೇ ಕುಳಿತು ಒಂದೇ ಹುಟ್ಟಿನಿಂದ ನೂಕುವುದನ್ನೂ ತಿರುಗಿಸುವುದನ್ನೂ ಮಾಡುತ್ತಾನೆ. ಅಮರಕೋಶದ ವಿಭಾಗವು ಅಲ್ಲಿಗೆ ತಲುಪಿಯೇ ಇಲ್ಲ. ಇನ್ನು ಪಡುವಣ ಕಡಲಿನ ಹಳೆಯ ಹಡಗುಗಳ ಸಂಧಿಬಂಧವೆಲ್ಲ ತೆಂಗಿನ ನಾರಿನ ಹುರಿಯದೇ ಆಗಿದ್ದಿತು. ಭೋಜರಾಜನ ಕೃತಿಯೆಂದು ಪ್ರಸಿದ್ಧವಾದ ಯುಕ್ತಿಕಲ್ಪತರುವಿನಲ್ಲಿ ಸಮುದ್ರಗಾಮಿಯಾದ ನಾವೆಯ ಹಲಗೆಗಳನ್ನು ಲೋಹದಿಂದ ಬಂಧಿಸಬಾರದೆಂಬ ನಿಷೇಧವಿದೆ. ಅಯಸ್ಕಾಂತಶಿಲೆಗಳು ಲೋಹವನ್ನು ಸೆಳೆಯುವುವೆಂಬುದು ಅಲ್ಲಿ ಹೇಳಿರುವ ಕಾರಣ. ೧೪ನೆಯ ಶತಮಾನದಲ್ಲಿ ಹೊನ್ನಾವರಕ್ಕೂ ಬಂದಿದ್ದ ಪ್ರವಾಸಿ ಇಬ್ನ್ ಬತೂತನು ಇದಕ್ಕಿಂತ ಲೌಕಿಕವಾದ ಕಾರಣವನ್ನು ಕೊಡುತ್ತಾನೆ: ಕಬ್ಬಿಣದ ಮೊಳೆಯಿಂದ ಜಡಿದ ಹಡಗು ಬಂಡೆಗೆ ತಗುಲಿದರೆ ಒಡೆಯುವುದು, ನಾರಿನಿಂದ ಹೊಲಿದುದು ಬಾಗಿ ತಾಳಿಕೊಳ್ಳುವುದು. ಈ ಎರಡನೆಯ ಕಾರಣವನ್ನು ಓದುಗರು ನೆನಪಿನಲ್ಲಿಡಬೇಕು. ಯಂತ್ರದ ವಿಚಾರದಲ್ಲಿ ಇದು ಪುನಃ ಉಪಯುಕ್ತವಾಗುವುದು.

ಹೊರಯಂತ್ರದ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳುವುದಾದರೆ, ೧೮೮೧ರಲ್ಲಿ ಗುಸ್ತಾವ್ ತ್ರೂವೆ ಎಂಬಾತನು ಪ್ಯಾರಿಸ್ಸಿನ ಸೇನ್ ನದಿಯಲ್ಲಿ ವಿದ್ಯುಚ್ಚಾಲಿತವಾದ, ಬಿಚ್ಚಿ ತೆಗೆಯಬಹುದಾದ ಯಂತ್ರವನ್ನು ದೋಣಿಗೆ ಕಟ್ಟಿ ನಡೆಸಿದನು. ನಾರ್ವೆ ದೇಶದಲ್ಲಿ ಹುಟ್ಟಿ ಅಮೆರಿಕಾದಲ್ಲಿ ನೆಲಸಿದ್ದ ಓಲೆ ಎವಿನ್ರೂಡ್ ಎಂಬಾತನು ೧೯೦೯ರಲ್ಲಿ ಪೆಟ್ರೋಲಿನ ಹೊರಯಂತ್ರವನ್ನು ಮಾರಾಟಕ್ಕೆ ತಂದ ಮೇಲೆ ಅದು ಲೋಕದಲ್ಲಿ ಬಳಕೆಗೆ ಬಂದಿತು. ನಮ್ಮ ದೇಶದ ಮೀನುಗಾರಿಕೆಯ ಯಾಂತ್ರೀಕರಣದಲ್ಲಿಯೂ ನಾರ್ವೆಯ ಹೆಸರು ಬರುತ್ತದೆ. ೧೯೫೨ರ ಒಪ್ಪಂದದಂತೆ ಕೊಲ್ಲಂ ಬಳಿಯ ನೀಂಡಕರದಲ್ಲಿ ಆರಂಭವಾದ ಭಾರತ-ನಾರ್ವೆ ಯೋಜನೆಯು ೧೯೬೦ರ ದಶಕದಲ್ಲಿ ನಮ್ಮ ಕಾರವಾರಕ್ಕೂ ವಿಸ್ತರಿಸಿತು. ಆದರೆ ಆ ಯಾಂತ್ರೀಕರಣವು ಒಳಯಂತ್ರವುಳ್ಳ ಹೊಸ ದೋಣಿಗಳ ಮಾರ್ಗವನ್ನು ಹಿಡಿಯಿತು. ನಾಡದೋಣಿಯವನು ಅದರಿಂದ ಹೊರಗುಳಿದನು.

ಆಗ ಕನ್ನಡ ಕರಾವಳಿಯ ಮುಖ್ಯ ಬಲೆಯು ರಂಪಣಿ. ದೋಣಿಯಲ್ಲಿ ಬಲೆಯನ್ನು ಕೊಂಡೊಯ್ದು ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡು ತುದಿಗಳ ಹಗ್ಗಗಳನ್ನು ದಡದಲ್ಲಿ ನಿಂತ ಹತ್ತಾರು ಜನರು ಎಳೆದು, ಸಿಕ್ಕಿದ ಬಂಗುಡೆ ಬೂತಾಯಿಗಳನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಇದರಲ್ಲಿ ದೋಣಿಯು ದಡವನ್ನು ಬಿಟ್ಟು ಬಹುದೂರ ಹೋಗಬೇಕಾಗಿರಲಿಲ್ಲ. ಮೀನೇ ದಡದ ಸಮೀಪಕ್ಕೆ ಬರುತ್ತಿದ್ದಿತು. ೧೯೭೦ರ ದಶಕದ ನಡುಭಾಗದಲ್ಲಿ ಮಂಗಳೂರಿನ ಕಡೆಯಿಂದ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಹರಡಿದವು. ಮೀನಿನ ಹಿಂಡನ್ನು ಅದು ದಡಕ್ಕೆ ಬರುವ ಮುನ್ನವೇ ಸುತ್ತುಗಟ್ಟುವುದು ಇವುಗಳ ಕ್ರಮ. ಕೆಲವೇ ವರ್ಷಗಳಲ್ಲಿ ರಂಪಣಿಯು ಕ್ಷೀಣಿಸಿತು. ದಡದಲ್ಲಿ ನಿಂತು ಹಗ್ಗ ಹಿಡಿದವನಿಗೆ ಉಳಿದ ದಾರಿಗಳು ಎರಡೇ: ಪರರ ದೋಣಿಯಲ್ಲಿ ಕೂಲಿಯಾಗುವುದು, ಇಲ್ಲವೆ ತನ್ನ ದೋಣಿಯನ್ನೇ ಮೀನಿರುವಲ್ಲಿಗೆ ಒಯ್ಯುವುದು. ಹುಟ್ಟಿನ ಬಲದಿಂದ ಅಷ್ಟು ದೂರ ಹೋಗಿ ಹಿಂದಿರುಗಲಾಗದು. ೧೯೮೦ರ ದಶಕದಲ್ಲಿ ನಾಡದೋಣಿಗಳು ಹೊರಯಂತ್ರವನ್ನು ಸ್ವೀಕರಿಸಿದುದಕ್ಕೆ ಇದೇ ಹಿನ್ನೆಲೆ. ಆದುದರಿಂದ ಹೊರಯಂತ್ರವು ನಾಡದೋಣಿಯ ಪಾಲಿಗೆ ವಿಲಾಸವಾಗಿ ಬಂದುದಲ್ಲ. ವೃತ್ತಿಯಲ್ಲಿ ಉಳಿಯುವ ಉಪಾಯವಾಗಿ ಬಂದುದು. ಕೇರಳದ ಕರಾವಳಿಯಲ್ಲಿಯೂ ಅದೇ ದಶಕದ ಬಳಿಕ ವಲಯಬಲೆಯ ದೊಡ್ಡ ದೋಣಿಗಳಿಗೆ ಎರಡು, ಮೂರು ಹೊರಯಂತ್ರಗಳನ್ನು ಕಟ್ಟುವ ಪದ್ಧತಿ ಬೆಳೆಯಿತು.

ಈಗ ಯಂತ್ರವನ್ನು ಕಟ್ಟುವ ಕ್ರಮವನ್ನು ನೋಡೋಣ. ಹುಟ್ಟು ಹಾಕುವ ದೋಣಿಯಲ್ಲಿ ನೂಕುಬಲವು ಎರಡು ಪಾರ್ಶ್ವಗಳ ಅನೇಕ ಸ್ಥಾನಗಳಲ್ಲಿ ಹಂಚಿಹೋಗುತ್ತದೆ. ಹೊರಯಂತ್ರದಲ್ಲಾದರೋ ಆ ಬಲವೆಲ್ಲ ಒಂದೇ ಸ್ಥಾನದ ಮೇಲೆ ಬೀಳುತ್ತದೆ. ಕಂಪನವೂ ಎಡೆಬಿಡದೆ ಇರುತ್ತದೆ. ಬಂಡೆಯ ಒಂದು ಹೊಡೆತವನ್ನು ಬಾಗಿ ತಾಳುತ್ತಿದ್ದ ನಾರಿನ ಹೊಲಿಗೆಯು ಈ ನಿರಂತರ ಕಂಪನದಿಂದ ಸಡಿಲವಾಗುತ್ತದೆ. ಯಾವ ಗುಣವು ಒಂದು ಅಪಾಯಕ್ಕೆ ಪರಿಹಾರವೋ ಅದೇ ಇನ್ನೊಂದರಲ್ಲಿ ದೋಷವಾಯಿತು. ಹಳೆಯ ದೋಣಿಗಳ ಹಿಂಭಾಗವು ಮುಂಭಾಗದಂತೆಯೇ ಚೂಪಾಗಿರುವುದರಿಂದ ಯಂತ್ರವನ್ನು ಕೂರಿಸಲು ಅಗಲವಾದ ಹಿಂಹಲಗೆಯೂ ಇರುವುದಿಲ್ಲ. ಒಂದು ಯಂತ್ರವಾದರೆ ಪಕ್ಕದಲ್ಲಿ ಚಾಚುಪಟ್ಟಿ ಕಟ್ಟಿ ನಿರ್ವಹಿಸಬಹುದು. ಎರಡನ್ನು ಕಟ್ಟಬೇಕಾದರೆ ಹಿಂಬದಿಯನ್ನು ಕತ್ತರಿಸಿ, ದಪ್ಪವಾದ ಅಡ್ಡಹಲಗೆಯನ್ನು ಕೂಡಿಸಿ, ಮೊಣಕಟ್ಟುಗಳಿಂದ ಅಡಿಮರಕ್ಕೂ ಪಕ್ಕದ ಹಲಗೆಗಳಿಗೂ ಬಿಗಿಯಬೇಕು. ಯಂತ್ರದ ಪಂಖವು ತಳಕ್ಕಿಂತ ಕೆಳಗೆ ಕದಡದ ನೀರಿನಲ್ಲಿ ತಿರುಗುವಂತೆ ಎತ್ತರವನ್ನು ಹೊಂದಿಸಬೇಕು. ಹಿಂದಣ ಭಾರ ಹೆಚ್ಚಿದುದಕ್ಕೆ ಸರಿಯಾಗಿ ಬಲೆಯನ್ನೂ ಎಣ್ಣೆಯನ್ನೂ ಮುಂದಕ್ಕೆ ಸರಿಸಬೇಕು.

ಹೀಗೆ ಕಟ್ಟಿದ ಯಂತ್ರದ ಹಿಡಿಯನ್ನು ತಿರುಗಿಸಿದರೆ ನೂಕುವ ಪಂಖವೇ ತಿರುಗಿ ದೋಣಿಯ ದಿಕ್ಕು ಬದಲಾಗುತ್ತದೆ. ಬೇರೆ ಚುಕ್ಕಾಣಿ ಬೇಕಿಲ್ಲ. ಕ್ಷೇಪಣಿಯೂ ಕೇನಿಪಾತಕವೂ ಒಂದೇ ಕೈಗೆ ಬಂದವು. ವೇದದ ಅರ್ಥದಲ್ಲಿಯೂ ಅಮರಕೋಶದ ಅರ್ಥದಲ್ಲಿಯೂ ಇದು ಅರಿತ್ರವೇ. ಎರಡು ಯಂತ್ರಗಳಾದರೆ ಒಂದನ್ನು ಹೆಚ್ಚಿಸಿ ಇನ್ನೊಂದನ್ನು ತಗ್ಗಿಸಿ, ಎಡಬಲದ ಹುಟ್ಟುಗಳಿಂದ ತಿರುಗಿಸುವಂತೆ, ದೋಣಿಯನ್ನು ತಿರುಗಿಸಬಹುದು.

ವೇಗಲೋಭದ ಪಕ್ಷವನ್ನು ಇಲ್ಲಿ ಪರೀಕ್ಷಿಸಬೇಕು. ನೀರನ್ನು ಸೀಳಿಕೊಂಡು ಭಾರ ಹೊತ್ತು ಸಾಗುವ ದೋಣಿಗೆ ಬೇಕಾದ ಶಕ್ತಿಯು ಸ್ಥೂಲವಾಗಿ ವೇಗದ ಘನವನ್ನು ಅನುಸರಿಸಿ ಏರುತ್ತದೆ. ಆದುದರಿಂದ ಶಕ್ತಿಯನ್ನು ಎರಡರಷ್ಟು ಮಾಡಿದರೆ ವೇಗವು ನೂರಕ್ಕೆ ೨೬ರಷ್ಟು ಮಾತ್ರ ಹೆಚ್ಚುವುದು. ನೀರಿನ ಮಟ್ಟದಲ್ಲಿ ೩೬ ಅಡಿ ಉದ್ದವಿರುವ ಇಂಥ ದೋಣಿಗೆ ಸುಮಾರು ೮ ನಾಟುಗಳ ವೇಗವೇ ಮಿತಿ. ಆ ಮೇಲೆ ವ್ಯಯಿಸಿದ ಎಣ್ಣೆಯು ಅಲೆಯೆಬ್ಬಿಸುವುದಕ್ಕೇ ಹೆಚ್ಚಾಗಿ ಸಲ್ಲುತ್ತದೆ. ಆದರೆ ಇದೇ ಗಣಿತವನ್ನು ತಿರುಗಿಸಿ ನೋಡಬೇಕು. ಎರಡರಲ್ಲಿ ಒಂದು ಯಂತ್ರವು ಕೆಟ್ಟು, ಅದನ್ನು ನೀರಿನಿಂದ ಮೇಲೆತ್ತಿದಾಗ, ಶಕ್ತಿಯು ಅರ್ಧವಾದರೂ ವೇಗದಲ್ಲಿ ನೂರಕ್ಕೆ ಸುಮಾರು ೮೦ರಷ್ಟು ಉಳಿಯುತ್ತದೆ. ವೇಗಕ್ಕಾಗಿ ಇಮ್ಮಡಿಸುವುದು ನಷ್ಟ. ಕ್ಷೇಮಕ್ಕಾಗಿ ಇಬ್ಭಾಗಿಸುವುದು ಲಾಭ. ಗಂಗೊಳ್ಳಿ, ಕೋಡಿಬೆಂಗ್ರೆ, ಹೊನ್ನಾವರಗಳಂಥ ಅಳಿವೆಗಳಲ್ಲಿ ಮಳೆಗಾಲದ ನದಿಯ ಸೆಳೆತವೂ ಕಡಲಿನ ತೆರೆಯೂ ಎದುರುಬದುರಾಗಿ ನಿಂತಿರುತ್ತವೆ. ಅಲ್ಲಿ ಯಂತ್ರವು ನಿಂತ ದೋಣಿ ತೆರೆಗೆ ಅಡ್ಡಲಾಗಿ ಮಗುಚಿಕೊಳ್ಳುತ್ತದೆ. ಅಂಥ ಕಾಲದಲ್ಲಿ ಎರಡನೆಯ ಯಂತ್ರಕ್ಕೆ ಜೀವದ ಬೆಲೆಯಿದೆ.

ಆದರೆ ಎರಡು ಯಂತ್ರಗಳು ನಿಜವಾಗಿ ಎರಡಾಗಿರಬೇಕು. ಎರಡಕ್ಕೂ ಒಂದೇ ಪಾತ್ರೆಯ ಎಣ್ಣೆಯಾದರೆ, ಅದರಲ್ಲಿ ನೀರು ಬೆರೆತಾಗ ಎರಡೂ ಒಮ್ಮೆಗೇ ನಿಲ್ಲುವುವು. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ, ಪ್ರತಿಯೊಂದೂ ತನ್ನ ಸತ್ತೆಯನ್ನು ಉಳಿಸಿಕೊಂಡ ಇತರೇತರಯೋಗದ್ವಂದ್ವವಾಗಿರಬೇಕು. ಆಗಲೇ ಒಂದು ಲೋಪವಾದಾಗ ಉಳಿದುದು ಎರಡರ ಅರ್ಥವನ್ನೂ ಹೊರುವ ಏಕಶೇಷವಾಗಬಲ್ಲುದು. ಪಾತ್ರೆ, ನಳಿಕೆ, ಸೋಸುವ ಸಾಧನ ಎಲ್ಲವೂ ಪ್ರತ್ಯೇಕವಾಗಿರತಕ್ಕದ್ದು.

ಕೊನೆಯದಾಗಿ ಒಂದು ವಾಕ್ಯಾರ್ಥವಿಚಾರ. ಮೀನಿನ ಸಂತಾನವೃದ್ಧಿಗಾಗಿ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ, ೧೦ ಅಶ್ವಶಕ್ತಿಯವರೆಗಿನ ಯಂತ್ರವುಳ್ಳ ನಾಡದೋಣಿಗಳಿಗೆ ಕರ್ನಾಟಕದಲ್ಲಿ ವಿನಾಯಿತಿಯಿದೆ. ಇಲ್ಲಿ ಯಂತ್ರದ ಏಕತ್ವವು ವಿವಕ್ಷಿತವೋ ಅಲ್ಲವೋ? ಮೀಮಾಂಸಕರ ಗ್ರಹೈಕತ್ವನ್ಯಾಯದಂತೆ, ಸೋಮಪಾತ್ರೆಯನ್ನು ಒರೆಸಬೇಕೆಂಬ ವಿಧಿಯಲ್ಲಿ ಪಾತ್ರೆಯು ಉದ್ದೇಶ್ಯವಾದುದರಿಂದ ಅದರ ಏಕವಚನವು ವಿವಕ್ಷಿತವಲ್ಲ. ಎಲ್ಲ ಪಾತ್ರೆಗಳಿಗೂ ಸಂಸ್ಕಾರವು ಸಲ್ಲುವುದು. ಆ ನ್ಯಾಯವನ್ನು ಇಲ್ಲಿ ತಂದು, ಒಂದೊಂದು ಯಂತ್ರಕ್ಕೂ ಹತ್ತರಂತೆ ಎರಡಕ್ಕೆ ಇಪ್ಪತ್ತು ಸಲ್ಲಬಹುದೆಂದು ವಾದಿಸುವುದು ಸಾಧುವಲ್ಲವೆಂದು ತೋರುತ್ತದೆ. ಇಲ್ಲಿ ಉದ್ದೇಶ್ಯವು ದೋಣಿ; ಯಂತ್ರಶಕ್ತಿಯು ಆ ದೋಣಿಯ ವಿಶೇಷಣ. ಅಲ್ಪಶಕ್ತಿಯ ದೋಣಿಯಿಂದ ಮತ್ಸ್ಯಕುಲಕ್ಕೆ ಅಲ್ಪಬಾಧೆಯೆಂಬುದೇ ವಿನಾಯಿತಿಯ ತಾತ್ಪರ್ಯವಾದುದರಿಂದ ಹತ್ತೆಂಬ ಸಂಖ್ಯೆಯು ದೋಣಿಯ ಒಟ್ಟು ಶಕ್ತಿಗೆ ಅನ್ವಯಿಸುವುದೇ ಯುಕ್ತ. ಹೀಗೆಂದ ಮಾತ್ರಕ್ಕೆ ಮಳೆಗಾಲದಲ್ಲಿ ಜೋಡಿಯಂತ್ರವು ತ್ಯಾಜ್ಯವಾಗುವುದಿಲ್ಲ. ಹತ್ತರ ಒಂದರ ಬದಲಿಗೆ ಐದರ ಎರಡನ್ನು ಕಟ್ಟಿದರೆ ತಾತ್ಪರ್ಯಕ್ಕೂ ಭಂಗವಿಲ್ಲ, ಜೀವಕ್ಕೂ ರಕ್ಷೆಯುಂಟು. ಬೆಲೆಯೂ ಭಾರವೂ ಸ್ವಲ್ಪ ಹೆಚ್ಚುವುದು ನಿಜ; ಸಹಾಯಧನವನ್ನು ವಿಧಿಸುವವರು ಈ ಅಂಶವನ್ನು ಗಣಿಸತಕ್ಕದ್ದು.

ಇದುವರೆಗಿನ ವಿಚಾರದಿಂದ ಫಲಿತವಾದುದಿಷ್ಟು: ಹುಟ್ಟಿನ ಮತ್ತು ಚುಕ್ಕಾಣಿಯ ಅರ್ಥಗಳೆರಡೂ ಅರಿತ್ರಶಬ್ದಕ್ಕೆ ಪ್ರಾಮಾಣಿಕವಾಗಿವೆ, ಹೊರಯಂತ್ರದಲ್ಲಿ ಆ ಎರಡು ಅರ್ಥಗಳೂ ಸೇರಿವೆ, ನಾಡದೋಣಿಯವನು ಅದನ್ನು ಹಿಡಿದುದು ದಡದ ಬಲೆ ಬರಿದಾದ ಕಾರಣದಿಂದ, ಅದನ್ನು ಜೋಡಿಯಾಗಿ ಕಟ್ಟುವುದು ದಡಕ್ಕೆ ಹಿಂದಿರುಗುವ ನಿಶ್ಚಯಕ್ಕಾಗಿ. ಭುಜ್ಯುವಿನ ನಾವೆಗೆ ನೂರು ಅರಿತ್ರಗಳನ್ನು ಹೇಳಿದ ಋಷಿಯೂ ಮುಳುಗುವವನನ್ನು ಮನೆಗೆ ತಲುಪಿಸುವ ಸಂದರ್ಭದಲ್ಲಿಯೇ ಆ ಸಂಖ್ಯೆಯನ್ನು ಹೇಳಿರುವನು.