ಋತುಬಂಧದ ನಂತರ ಮಹಿಳೆಯರಲ್ಲಿ ಮೂತ್ರಕೋಶದ ಅತಿಚಟುವಟಿಕೆ: ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಮುಟ್ಟು ನಿಂತ ಬಳಿಕ ಹಲವು ಮಹಿಳೆಯರಿಗೆ ಮೂತ್ರದ ಒತ್ತಡವು ಹಠಾತ್ತನೆ, ತಡೆಯಲಾಗದಂತೆ ಉಂಟಾಗುತ್ತದೆ. ಹಗಲಿನಲ್ಲಿ 8ಕ್ಕಿಂತ ಹೆಚ್ಚು ಬಾರಿ ಹೋಗಬೇಕಾಗುವುದು, ರಾತ್ರಿ ಪದೇ ಪದೇ ಏಳುವುದು, ಕೆಲವೊಮ್ಮೆ ಶೌಚಾಲಯ ತಲುಪುವ ಮೊದಲೇ ಮೂತ್ರ ಸೋರುವುದು ಇದರ ಲಕ್ಷಣಗಳು. ವೈದ್ಯರು ಇದನ್ನು ‘ಓವರ್‌ಆಕ್ಟಿವ್ ಬ್ಲ್ಯಾಡರ್’ ಎನ್ನುತ್ತಾರೆ. ಮೂತ್ರಕೋಶವು ತುಂಬುವ ಮುನ್ನವೇ ಅದರ ಸ್ನಾಯುಗಳು ಸಂಕುಚಿಸುವುದರಿಂದ ಹೀಗಾಗುತ್ತದೆ. ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಯೋನಿ ಹಾಗೂ ಮೂತ್ರನಾಳದ ಒಳಪದರವು ತೆಳುವಾಗುವುದರಿಂದ ತೊಂದರೆ ಹೆಚ್ಚುವುದುಂಟು. ವಯಸ್ಸಿನ ಸಹಜ ಗುಣವೆಂದು ಇದನ್ನು ಸಹಿಸಿಕೊಂಡಿರಬೇಕಾಗಿಲ್ಲ. ಕೆಮ್ಮಿದಾಗ ಅಥವಾ ಭಾರ ಎತ್ತಿದಾಗ ಮಾತ್ರ ಮೂತ್ರ ಸೋರುವುದು ಬೇರೆ ತೊಂದರೆಯಾಗಿದ್ದು, ಅದರ ಚಿಕಿತ್ಸೆಯೂ ಬೇರೆಯಾಗಿರುತ್ತದೆ.

ನೀರು ಕುಡಿಯುವುದನ್ನು ಬಿಡಬಾರದು

ಮಾನ್ವಿ ಭಾಗದ ಭತ್ತದ ಗದ್ದೆಗಳಲ್ಲಿ, ದೇವದುರ್ಗದ ಹತ್ತಿ ಮತ್ತು ಮೆಣಸಿನಕಾಯಿ ಹೊಲಗಳಲ್ಲಿ ದುಡಿಯುವವರಿಗೆ ಮರೆಯ ಸ್ಥಳ ಸಿಗುವುದು ಕಷ್ಟ. ಇದಕ್ಕಾಗಿ ನೀರನ್ನೇ ಕುಡಿಯದಿರುವುದು ತಪ್ಪು ಪರಿಹಾರ. ಗಾಢವಾದ ಮೂತ್ರವು ಮೂತ್ರಕೋಶವನ್ನು ಕೆರಳಿಸುತ್ತದೆ, ಸೋಂಕು ಮತ್ತು ಮಲಬದ್ಧತೆಗೂ ದಾರಿಯಾಗುತ್ತದೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ಪ್ರಾಣಕ್ಕೇ ಅಪಾಯವಾಗಬಹುದು. ಕಡಿಮೆ ಮಾಡಬೇಕಾದುದು ಚಹಾ ಮತ್ತು ಕಾಫಿಯನ್ನು. ಮಲಗುವ ಎರಡು ಗಂಟೆ ಮುಂಚಿನಿಂದ ಮಾತ್ರ ನೀರನ್ನು ಮಿತಗೊಳಿಸಬಹುದು.

ತಪಾಸಣೆ ಮತ್ತು ಚಿಕಿತ್ಸೆ

ಮೂತ್ರದ ಸೋಂಕು ಹಾಗೂ ಸಕ್ಕರೆ ಕಾಯಿಲೆಯಲ್ಲಿಯೂ ಇಂತಹುದೇ ಲಕ್ಷಣಗಳಿರುವುದರಿಂದ ಮೊದಲು ಮೂತ್ರ ಮತ್ತು ರಕ್ತ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಮೂತ್ರದಲ್ಲಿ ರಕ್ತ ಕಂಡಲ್ಲಿ ಅಥವಾ ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತಸ್ರಾವವಾದಲ್ಲಿ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮೂರು ದಿನಗಳ ಕಾಲ ಎಷ್ಟು ಬಾರಿ ಹೋಗಬೇಕಾಯಿತು, ಎಷ್ಟು ನೀರು ಕುಡಿಯಲಾಯಿತು ಎಂಬುದನ್ನು ಬರೆದು (ಬರೆಯಲು ಬಾರದವರು ಮನೆಯ ಮಕ್ಕಳಿಂದ ಬರೆಯಿಸಿ) ತಂದಲ್ಲಿ ರೋಗ ನಿರ್ಣಯ ಸುಲಭವಾಗುತ್ತದೆ.

ಚಿಕಿತ್ಸೆಯು ಮಾತ್ರೆಯಿಂದಲ್ಲ, ಅಭ್ಯಾಸದಿಂದ ಆರಂಭವಾಗುತ್ತದೆ. ಗಂಟೆಗೊಮ್ಮೆ ಹೋಗುವವರು ವಾರಕ್ಕೆ 15 ನಿಮಿಷದಂತೆ ಅಂತರವನ್ನು ಹೆಚ್ಚಿಸುತ್ತಾ ಬರಬೇಕು. ಒತ್ತಡ ಬಂದ ಕೂಡಲೇ ಓಡದೆ, ನಿಂತಲ್ಲಿಯೇ ನಿಂತು, ಮೂತ್ರ ತಡೆಯುವ ಸ್ನಾಯುಗಳನ್ನು ನಾಲ್ಕೈದು ಬಾರಿ ಬಿಗಿಹಿಡಿದು ಸಡಿಲಿಸಿದರೆ ಅವಸರವು ತಗ್ಗುತ್ತದೆ. ಇದೇ ಬಿಗಿತದ ವ್ಯಾಯಾಮವನ್ನು ದಿನಕ್ಕೆ ಮೂರು ಸಲ, ಪ್ರತಿ ಸಲ 8 ಬಾರಿಯಂತೆ ಮೂರು ತಿಂಗಳು ಮಾಡಬೇಕು. ಒಂದೇ ವಾರದಲ್ಲಿ ಗುಣ ಕಾಣಲಿಲ್ಲವೆಂದು ಕೈಬಿಡುವುದು ಸರಿಯಲ್ಲ. ಯೋನಿ ಒಣಗಿರುವವರಿಗೆ ವೈದ್ಯರು ಈಸ್ಟ್ರೋಜನ್ ಮುಲಾಮು ಸೂಚಿಸಬಹುದು.

ಇಷ್ಟಕ್ಕೂ ತಗ್ಗದಿದ್ದಲ್ಲಿ ಸಾಲಿಫೆನಾಸಿನ್, ಟಾಲ್ಟೆರೊಡಿನ್, ಆಕ್ಸಿಬ್ಯುಟಿನಿನ್ ಮುಂತಾದ ಮಾತ್ರೆಗಳಿವೆ. ಇವುಗಳಿಂದ ಬಾಯಿ ಒಣಗುವುದು, ಮಲಬದ್ಧತೆ ಉಂಟಾಗಬಹುದು. ಹೆಚ್ಚು ವಯಸ್ಸಾದವರಲ್ಲಿ ಮರೆವು, ಗೊಂದಲ ಕಾಣಬಹುದು. ಬೆವರೂ ಕಡಿಮೆಯಾಗುವುದರಿಂದ ಬಿಸಿಲಿನಲ್ಲಿ ಕೂಲಿ ಮಾಡುವವರು ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಗ್ಲಾಕೋಮಾ ಇರುವವರೂ ಹಾಗೆಯೇ ತಿಳಿಸಬೇಕು. ಮಿರಾಬೆಗ್ರಾನ್ ಎಂಬ ಬೇರೆ ಬಗೆಯ ಮಾತ್ರೆಯಲ್ಲಿ ಬಾಯಿ ಒಣಗುವ ತೊಂದರೆ ಕಡಿಮೆ, ಆದರೆ ರಕ್ತದೊತ್ತಡವನ್ನು ಗಮನಿಸುತ್ತಿರಬೇಕಾಗುತ್ತದೆ. ಮಾತ್ರೆಯ ಪರಿಣಾಮ ತಿಳಿಯಲು ಸುಮಾರು ನಾಲ್ಕು ವಾರಗಳು ಬೇಕು. ಔಷಧ ಅಂಗಡಿಯಲ್ಲಿ ಕೇಳಿ ತಾವಾಗಿಯೇ ತೆಗೆದುಕೊಳ್ಳಬಾರದು.

ಎಲ್ಲಿ ತೋರಿಸಬೇಕು

ದೇವದುರ್ಗ ಮತ್ತು ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲು ತೋರಿಸಬಹುದು. ರಾಯಚೂರು ನಗರದವರು ರಿಮ್ಸ್ ಬೋಧಕ ಆಸ್ಪತ್ರೆಯ ಸ್ತ್ರೀರೋಗ ಹೊರರೋಗಿ ವಿಭಾಗಕ್ಕೆ ಬರಬಹುದು. ಪುರುಷ ವೈದ್ಯರ ಮುಂದೆ ಹೇಳಲು ಸಂಕೋಚವಿರುವವರು ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆತರಬಹುದು. ಆಧಾರ್ ಮತ್ತು ಪಡಿತರ ಚೀಟಿಯನ್ನು ತರತಕ್ಕದ್ದು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ, ಪಟ್ಟಿಯಲ್ಲಿರುವ ಚಿಕಿತ್ಸೆಗೆ ಬೇರೆ ಆಸ್ಪತ್ರೆಗೆ ಹೋಗಬೇಕಾದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ.

ಶಕ್ತಿ ಯೋಜನೆಯಡಿ (2023) ರಾಜ್ಯದ ಮಹಿಳೆಯರು ಸಾರಿಗೆ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಬಸ್ಸಿನಲ್ಲಿ ತೊಂದರೆಯಾದೀತೆಂದು ಬೆಳಗಿನಿಂದ ನೀರು ಕುಡಿಯದೆ ಬಂದವರಿಗೆ ಮೂತ್ರದ ಮಾದರಿ ನೀಡುವುದೇ ಕಷ್ಟವಾಗುತ್ತದೆ. ಹೊರಡುವ ಮುನ್ನ ಒಮ್ಮೆ ಹೋಗಿ, ದಾರಿಯಲ್ಲಿ ಗುಟುಕು ಗುಟುಕಾಗಿ ನೀರು ಕುಡಿಯುತ್ತಾ ಬರುವುದು ಸೂಕ್ತ.