ಲಿನಕ್ಸ್ ಲ್ಯಾಪ್‌ಟಾಪಿನ ಬ್ಯಾಟರಿ: ದೂರಿನ ಹಿಂದಿನ ಚರಿತ್ರೆ

ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯ ಶರಾವತಿ ಟೇಲ್‌ರೇಸ್ ವಿದ್ಯುದಾಗಾರದ ಸಾಮರ್ಥ್ಯ 240 ಮೆಗಾವ್ಯಾಟ್. ಆದರೂ ಮಳೆಗಾಲದ ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬಿತ್ತೆಂದರೆ ಭಟ್ಕಳವಾಗಲಿ ಕುಮಟೆಯಾಗಲಿ, ಕರೆಂಟು ಹೋಗುವುದು ತಪ್ಪದು. 1980ರಿಂದಲೇ ಎಂಜಿನಿಯರಿಂಗ್ ಕಾಲೇಜು ಇರುವ ಭಟ್ಕಳದಂಥ ಊರಿನಲ್ಲಿ, ಲ್ಯಾಪ್‌ಟಾಪಿನ ಬ್ಯಾಟರಿ ಇನ್ನೊಂದು ತಾಸು ಬಂದೀತೇ ಎಂಬುದು ಓದುವ ಹುಡುಗರಿಗೆ ಸಣ್ಣ ಮಾತಲ್ಲ. ವಿಂಡೋಸ್ ತೆಗೆದು ಲಿನಕ್ಸ್ ಹಾಕಿದರೆ ಅದೇ ಬ್ಯಾಟರಿ ಬೇಗ ಖಾಲಿಯಾಗುತ್ತದೆ ಎಂಬ ಹಳೆಯ ದೂರನ್ನು ಆದ್ದರಿಂದಲೇ ತಳ್ಳಿಹಾಕಬಾರದು. ಆದರೆ ಅದರ ಬೆನ್ನು ಹತ್ತಿ ಹೋದರೆ, ಲಿನಕ್ಸ್ ಬರೆದವರ ತಪ್ಪಿಗಿಂತ ಯಂತ್ರದ ಒಳಗುಟ್ಟನ್ನು ಅವರಿಂದ ಮುಚ್ಚಿಟ್ಟ ಪದ್ಧತಿಯ ತಪ್ಪೇ ದೊಡ್ಡದಾಗಿ ಕಾಣುತ್ತದೆ.

ಲಿನಕ್ಸಿನದು ಏನೂ ತಪ್ಪಿರಲಿಲ್ಲ ಎಂದಲ್ಲ. 1991ರಲ್ಲಿ ಅದು ಹುಟ್ಟಿದ್ದು ಗೋಡೆಯ ಪ್ಲಗ್ಗಿನಿಂದ ನಡೆಯುವ ಮೇಜಿನ ಕಂಪ್ಯೂಟರಿನಲ್ಲಿ, ಬಲಿತದ್ದು ಸರ್ವರುಗಳಲ್ಲಿ. ಪ್ರೊಸೆಸರು ವಿದ್ಯುತ್ ಉಳಿಸುವುದು ಎರಡು ಬಗೆಯಲ್ಲಿ: ಕೆಲಸ ಕಡಿಮೆಯಿದ್ದಾಗ ವೇಗವನ್ನೂ ವೋಲ್ಟೇಜನ್ನೂ ಇಳಿಸಿ, ಕೆಲಸವೇ ಇಲ್ಲದಾಗ ನಿದ್ದೆಗೆ ಜಾರಿ. ನಿದ್ದೆ ಆಳವಾದಷ್ಟೂ ಉಳಿತಾಯ ಹೆಚ್ಚು. ಏಳಲು ಹಿಡಿಯುವ ಹೊತ್ತೂ ಹೆಚ್ಚು. 2003ರ ಡಿಸೆಂಬರಿನಲ್ಲಿ ಬಂದ ಲಿನಕ್ಸಿನ ತಿರುಳು, ಅಂದರೆ 2.6 ಕರ್ನೆಲ್ಲಾದರೋ, ಕೆಲಸ ಇರಲಿ ಬಿಡಲಿ, ಸಾಮಾನ್ಯ ಪಿ.ಸಿ.ಗಳ ಪ್ರೊಸೆಸರನ್ನು ಸೆಕೆಂಡಿಗೆ 1000 ಸಲ ಎಬ್ಬಿಸುತ್ತಿತ್ತು. ಹೀಗಿದ್ದರೆ ಆಳದ ನಿದ್ದೆ ಎಲ್ಲಿಂದ ಬರಬೇಕು? 2007ರ ಏಪ್ರಿಲ್‌ನ 2.6.21ರಲ್ಲಿ ಕೆಲಸವಿಲ್ಲದಾಗಿನ ಈ ತಟ್ಟುವಿಕೆ ನಿಂತಿತು. ಮರುತಿಂಗಳೇ ಇಂಟೆಲ್ ಬಿಟ್ಟ ಪವರ್‌ಟಾಪ್, ಯಾವ ಪ್ರೋಗ್ರಾಮು ಎಷ್ಟು ಸಲ ಪ್ರೊಸೆಸರನ್ನು ಎಬ್ಬಿಸುತ್ತಿದೆ ಎಂದು ಪರದೆಯ ಮೇಲೆ ಸಾಲಾಗಿ ತೋರಿಸಿತು. ತಪ್ಪು ಕಣ್ಣಿಗೆ ಬಿದ್ದ ಮೇಲೆ ತಿದ್ದಲು ಬೇಕಾದ ಕೋಡ್ ಎಲ್ಲರ ಕೈಯಲ್ಲೇ ಇತ್ತು.

ಕಾಣದ ಕಡೆಯ ಕತೆ ಬೇರೆ. ವಿದ್ಯುತ್ ನಿರ್ವಹಣೆಯ ಎಸಿಪಿಐ ನಿಯಮಾವಳಿಯನ್ನು 1996ರಲ್ಲಿ ಹೊರತಂದವರು ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ. ನಿಯಮ ಬಹಿರಂಗವೇ, ಆದರೆ ಅದರಂತೆ ಫರ್ಮ್‌ವೇರ್ (ಯಂತ್ರದೊಳಗೇ ಹುದುಗಿಸಿಟ್ಟ ತಂತ್ರಾಂಶ) ಬರೆಯುವ ತಯಾರಕರಲ್ಲಿ ಹೆಚ್ಚಿನವರು ಪರೀಕ್ಷಿಸುತ್ತಿದ್ದುದು ವಿಂಡೋಸ್ ಮೇಲೆ ಮಾತ್ರ. ‘ನೀನು ಇಂಥ ವಿಂಡೋಸೇ?’ ಎಂದು ಫರ್ಮ್‌ವೇರ್ ಕೇಳುತ್ತದೆ, ಲಿನಕ್ಸ್ ‘ಹೌದು’ ಎನ್ನುತ್ತದೆ. ‘ಲಿನಕ್ಸೇ?’ ಎಂದು ಕೇಳಿದರೆ 2007ರ 2.6.23ರಿಂದ ಸಾಮಾನ್ಯವಾಗಿ ‘ಅಲ್ಲ’ ಎನ್ನುತ್ತದೆ. ತನ್ನ ನಿಜ ಹೆಸರು ಹೇಳಿದರೆ ಯಾರೂ ಪರೀಕ್ಷಿಸದ ಕೋಡಿನ ಹಾದಿಗೆ ಬೀಳುವ ಭಯ ಅದಕ್ಕೆ. 2011ರ 2.6.38ರಲ್ಲಿ ಇದೇ ಬಗೆಯ ಪೆಟ್ಟು ಬಿತ್ತು. ಯಂತ್ರದ ಭಾಗಗಳನ್ನು ಬೆಸೆಯುವ ಪಿಸಿಐ ಎಕ್ಸ್‌ಪ್ರೆಸ್ ಕೊಂಡಿಗಳ ವಿದ್ಯುತ್ ಉಳಿತಾಯ ತಮಗಿಲ್ಲವೆಂದು ಕೆಲವು ಫರ್ಮ್‌ವೇರ್‌ಗಳು ಬರೆದುಕೊಂಡಿದ್ದವು, ಆದರೂ ಒಳಗೊಳಗೇ ಅದನ್ನು ಚಾಲೂ ಮಾಡಿರುತ್ತಿದ್ದವು. ಬರೆದದ್ದನ್ನು ನಂಬಿ ಲಿನಕ್ಸ್ ಆ ಉಳಿತಾಯವನ್ನು ನಿಲ್ಲಿಸಿತು, ಬ್ಯಾಟರಿ ಸೋರಿತು. ಕರ್ನೆಲ್ ಬರೆಯುವವರಲ್ಲೊಬ್ಬರಾದ ಮ್ಯಾಥ್ಯೂ ಗ್ಯಾರೆಟ್ ಅವರ ತಿದ್ದುಪಡಿ 2012ರ 3.3ರಲ್ಲಿ ಸೇರಿತು. ವಿಂಡೋಸ್ ಏನು ಮಾಡುತ್ತದೋ ಹಾಗೇ ಮಾಡುವುದು, ಅಂದರೆ ಫರ್ಮ್‌ವೇರ್ ಇಟ್ಟದ್ದನ್ನು ಮುಟ್ಟದೆ ಬಿಡುವುದು, ಅದರ ತಿರುಳು. ನಿಯಮ ಓದಿದರೆ ಸಾಲದು, ಇನ್ನೊಬ್ಬರ ನಡತೆಯನ್ನೇ ಊಹಿಸಬೇಕು ಎಂಬ ಸ್ಥಿತಿಯನ್ನು ನ್ಯಾಯವೆಂದು ಒಪ್ಪುವುದು ಕಷ್ಟ.

ಹವ್ಯಾಸಿಗಳ ಕೆಲಸ ಇಷ್ಟೇ ಎನ್ನುವವರಿದ್ದಾರೆ. ಆದರೆ 2008ರಲ್ಲಿ ಒಟ್ಟಾವಾದ ಲಿನಕ್ಸ್ ಸಮಾವೇಶಕ್ಕೆ ವಿದ್ಯುತ್ ಉಳಿಸುವ ಕೆಲಸ ಹಂಚಿಕೆಯ ಕುರಿತು ಪ್ರಬಂಧ ಬರೆದವರು ಐಬಿಎಂ ಮತ್ತು ಇಂಟೆಲ್‌ನ ಸಂಬಳದ ಎಂಜಿನಿಯರುಗಳು. ಅವರಲ್ಲಿ ಭಾರತೀಯರೇ ಹಲವರು. ಲಿನಕ್ಸ್ ಬಳಸುವವರು ಕಡಿಮೆ, ಅವರಿಗಾಗಿ ಪರೀಕ್ಷೆಯ ಖರ್ಚು ಯಾಕೆ ಎಂಬ ತಯಾರಕರ ವಾದಕ್ಕೆ ತೂಕವಿದೆ. ಆದರೆ ಪರೀಕ್ಷಿಸಲು ಆಗದವರು ಫರ್ಮ್‌ವೇರಿನ ಮಾಹಿತಿಯನ್ನಾದರೂ ತೆರೆದಿಡಬಹುದು. ಪರೀಕ್ಷೆ ಮಾಡುವ ಕೈಗಳು ಹೊರಗೆ ಬೇಕಾದಷ್ಟಿವೆ. ಲಿನಕ್ಸಿಗೆ ಉಳಿತಾಯವೇ ಒಗ್ಗದು ಎಂಬ ಮಾತಿಗಂತೂ ಆಂಡ್ರಾಯ್ಡ್ ಫೋನೇ ಉತ್ತರ. ಅದರೊಳಗಿರುವುದೂ ಲಿನಕ್ಸ್ ಕರ್ನೆಲ್ಲೇ. ಸಣ್ಣ ಬ್ಯಾಟರಿಯಲ್ಲಿ ಅದು ದಿನ ಕಳೆಯುತ್ತದೆ, ಏಕೆಂದರೆ ಫೋನ್ ತಯಾರಿಸುವವರೇ ಕರ್ನೆಲ್ಲನ್ನೂ ಆ ಚಿಪ್ಪಿಗೆ ಹೊಂದಿಸಿ ಕೊಡುತ್ತಾರೆ.